ದಳಪತಿಯ ಗಂಟಲು

ತಮ್ಮ ಗಂಟಲನ್ನು ತಂಗಿಯ ಮಗನೇ ಹೊತ್ತುಕೊಂಡು ಹೋಗಿದ್ದಾನೆ ಎಂಬುದು ಮೇಷ್ಟ್ರಿಗೆ ಗೊತ್ತಾದದ್ದು ಲಿಫ್ಟಿನಲ್ಲಿ. ಮುಂದೆ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳ ತಲೆ ಹಸಿರು, ಇನ್ನೊಬ್ಬಳದು ನೇರಳೆ. ಹಿಂದೆ ಯಾರಿದ್ದಾರೆ ಎಂದು ತಿರುಗಿಯೂ ನೋಡದೆ ಮಾತಾಡಿಕೊಳ್ಳುತ್ತಿದ್ದರು.

"ಹೊಸ ದಳಪತಿ ವಾಯ್ಸ್ ಕೇಳಿದ್ಯಾ? ಮೈ ಜುಂ ಅಂತು."

"ಹಳೇ ಮುದುಕಪ್ಪಂದೇ ಅನ್ನೋ ಥರ ಇದೆಯಲ್ಲೇ."

"ಅವರ ಸೋದರಳಿಯನೇ ಅಂತೆ ಕಣೇ. ಮನೇಲೇ ತಯಾರಾದ ಮಾಲು."

ಇಬ್ಬರೂ ಕಿಸಕ್ಕನೆ ನಕ್ಕರು. ಮೂರನೆಯ ಮಹಡಿಯಲ್ಲಿ ಇಳಿಯಬೇಕಾಗಿದ್ದ ಮೇಷ್ಟ್ರು ಮುಖ ತೋರಿಸಲಾಗದೆ ಕೊನೆಯ ಮಹಡಿಯವರೆಗೂ ಹೋಗಿ, ಮೆಟ್ಟಿಲಿಳಿದು ಬಂದರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಎದುರಿಗಿದ್ದವರ ಉಚ್ಚಾರ ತಿದ್ದದೆ ಬಿಟ್ಟದ್ದಿಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಮೇಷ್ಟ್ರು. ಅರ್ಧ ಆಯುಷ್ಯ ರಂಗದ ಮೇಲೆ ರಾಜರಾಗಿ, ಮಂತ್ರಿಗಳಾಗಿ, ಕೊಲೆಗಡುಕರಾಗಿ ಗುಡುಗಿದ್ದ ಆ ಗಂಟಲನ್ನು 'ಬಣ್ಣಗಾಳಗ' ಎಂಬ ವಿಡಿಯೋ ಗೇಮಿಗೆ ಕೊಡಲು ಒಪ್ಪಿದ್ದು ನಾಟಕಗಳಿಗೆ ಜನ ಬರುವುದು ನಿಂತ ಮೇಲೆ. ಅವರ ಕಣ್ಣಿಗೆ ಆ ಆಟ ಇಷ್ಟೇ: ಈ ಕಡೆ ನಾಲ್ಕು ಜನ, ಆ ಕಡೆ ನಾಲ್ಕು ಜನ, ಎಲ್ಲರ ಕೈಯಲ್ಲೂ ಬಂದೂಕು. ಬಂದೂಕಿನಲ್ಲಿ ಗುಂಡಿಲ್ಲ, ಬಣ್ಣ. ಯಾವ ದಳ ಹೆಚ್ಚು ನೆಲಕ್ಕೆ ತನ್ನ ಬಣ್ಣ ಎರಚಿತೋ ಅದು ಗೆದ್ದಂತೆ. ಊರಿನಲ್ಲಿ ಗೋಡೆಗೆ ಸುಣ್ಣ ಬಳಿಯುವವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಈ ಗೊಂಬೆಗಳಿಗೆ ಇಡೀ ಕ್ರೀಡಾಂಗಣ ತುಂಬುತ್ತಿತ್ತು. ಮೀಸೆ ಬಂದವರು, ಮದುವೆಯಾದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು ತಮ್ಮ ದಳದ ಬಣ್ಣವನ್ನು ತಲೆಗೆ ಮೆತ್ತಿಕೊಂಡು ಬಂದು, ಸೋತಾಗ ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿದ್ದರು. ಮೇಷ್ಟ್ರು ಎರಡು ಭಾಗಗಳಲ್ಲಿ ಕೆಂಪು ದಳದ ದಳಪತಿಗೆ ದನಿಯಾಗಿದ್ದರು. ಆ ಆಟವನ್ನು ಒಂದು ಸಲವೂ ಮುಟ್ಟಿರಲಿಲ್ಲ. ಗರಡಿಯಾಳು ಗೋಲಿ ಆಡುತ್ತಾನೆಯೇ?

ಮೂರನೆಯ ಮಹಡಿಯಲ್ಲಿ ಗೇಮಿನ ನಿರ್ದೇಶಕಿ ಅವರನ್ನು ಕೂರಿಸಿ, ನೀರು ಕೊಟ್ಟು, ಮೆತ್ತಗೆ ಹೇಳಿದಳು.

"ಮೂರನೇ ಭಾಗದಲ್ಲಿ ದಳಪತಿ ತುಂಬಾ ಕೂಗಬೇಕು ಮೇಷ್ಟ್ರೇ. ನಿಮ್ಮ ಗಂಟಲಿಗೆ ತ್ರಾಸಾಗುತ್ತೆ ಅಂತ..."

"ನನ್ನ ಗಂಟಲಿನ ಚಿಂತೆ ನಿಮಗ್ಯಾಕಮ್ಮ?"

"ಬರೀ ಅದಲ್ಲ. ಅಭಿಮಾನಿಗಳ ಸಭೆಯಲ್ಲಿ ಒಬ್ಬ ಹುಡುಗಿ ದಳಪತಿ ಘೋಷಣೆ ಹೇಳಿ ಅಂತ ಕೇಳಿದ್ಲು. ನೀವು 'ಮೊದಲು ಮುಖ ತೊಳ್ಕೊಂಡು ಬಾ' ಅಂದ್ರಿ. ಆ ವಿಡಿಯೋ ನೋಡದೇ ಇರೋರು ಈಗ ಯಾರೂ ಇಲ್ಲ."

"ಮುಖಕ್ಕೆಲ್ಲ ಕೆಂಪು ಬಳ್ಕೊಂಡು ಬಂದಿದ್ಲು. ಇನ್ನೇನು ಹೇಳ್ಬೇಕಿತ್ತು?"

ನಿರ್ದೇಶಕಿ ನೀರಿನ ಲೋಟವನ್ನು ಅವರತ್ತ ಸರಿಸಿದಳು. ಮೇಷ್ಟ್ರು ಎದ್ದು, ಬಾಗಿಲು ಮುಚ್ಚದೆ ಹೊರಗೆ ಬಂದರು. ಅವಳ ಮೇಲೆ ಅವರಿಗೆ ಅಂಥ ಕೋಪವೇನೂ ಬರಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಕೋಪ ಬಂದದ್ದು ಸೋದರಳಿಯ ಪುಟ್ಟನ ಮೇಲೆ. ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ಕಲಿಸಿದ್ದರು. ನಾಟಕದ ಮಾತುಗಳನ್ನು ಅವರು ಮನೆಯಲ್ಲಿ ಅಭ್ಯಾಸ ಮಾಡುವಾಗ ಮೂಲೆಯಲ್ಲಿ ಕುಳಿತು ಗಿಣಿಯ ಹಾಗೆ ಒಪ್ಪಿಸುತ್ತಿದ್ದ. ಈಗ ಅದೇ ಗಿಣಿ ಪಂಜರ ತನ್ನದೆನ್ನುತ್ತಿದೆ. ಉಂಡ ಮನೆಯ ಗಳ ಎಣಿಸುವವನು.

ಪ್ರತಿ ಭಾನುವಾರ ಮಧ್ಯಾಹ್ನ ಮೇಷ್ಟ್ರ ಊಟ ತಂಗಿಯ ಮನೆಯಲ್ಲಿ. ಈ ಭಾನುವಾರವೂ ತಪ್ಪಿಸಲಿಲ್ಲ. ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಕೆಲಸದವಳು. ಊರಿನವರ ಹಲ್ಲುನೋವನ್ನೆಲ್ಲ ಕೇಳಿ ಕೇಳಿ ಮನೆಯಲ್ಲೂ ಸಮಾಧಾನ ಹೇಳುವ ದನಿಯಲ್ಲೇ ಮಾತಾಡುತ್ತಿದ್ದಳು.

"ಅಣ್ಣ, ಅವನೇ ನಿನ್ ಹತ್ರ ಹೇಳ್ಬೇಕು ಅಂತಿದ್ದ. ಧೈರ್ಯ ಸಾಲ್ದೆ ಒದ್ದಾಡ್ತಿದ್ದ. ಬೇಜಾರ್ ಮಾಡ್ಕೋಬೇಡ."

"ಬೇಜಾರು ಯಾಕೆ? ನಮ್ ಮನೇದು ನಮ್ ಮನೇಲೇ ಉಳೀತು," ಎಂದರು ಮೇಷ್ಟ್ರು. ಆ ಮಾತನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಊಟವಾದ ಮೇಲೆ ಪುಟ್ಟ ಅವರನ್ನು ತನ್ನ ಕೋಣೆಗೆ ಕರೆದುಕೊಂಡು ಹೋದ. ಸದ್ದು ಮೊಳಗದಿರಲೆಂದು ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿದ್ದ. ಮೇಜಿನ ಮೇಲೆ ಅಂಗೈಯಗಲದ ರೆಕಾರ್ಡರ್. ಮೇಷ್ಟ್ರ ಬಳಿಯೂ ಅಂಥದ್ದೇ ಒಂದಿತ್ತು. ಅವರು ಬಳಸುವುದನ್ನು ನೋಡಿಯೇ ಇವನೂ ಕೊಂಡಿದ್ದ.

"ಮಾವ, ಒಂದು ಕಡೆ ಸಿಕ್ಕಾಕೊಂಡಿದೀನಿ. ಯಾರಿಗೂ ಹೇಳ್ಬಾರ್ದು ಅಂತ ಸೈನ್ ಹಾಕಿಸ್ಕೊಂಡಿದಾರೆ, ಆದ್ರೂ ನಿಮ್ ಹತ್ರ ಏನು ಮುಚ್ಚುಮರೆ?" ಪುಟ್ಟ ದನಿ ತಗ್ಗಿಸಿದ. "ಕೊನೇಲಿ ದಳಪತಿ ಬಂದೂಕು ಕೆಳಗಿಟ್ಟು ನೀಲಿ ದಳಕ್ಕೆ ಹೋಗ್ತಾನೆ. ಆಗ ಒಂದು ಮಾತಿದೆ. 'ನಾನು ಸೋತಿಲ್ಲ. ನಿಂತ ಜಾಗ ಬದಲಿಸಿದ್ದೇನೆ.' ಹೇಗೆ ಹೇಳಿದ್ರೂ ಸುಳ್ಳು ಅನ್ಸುತ್ತೆ."

ಮೇಷ್ಟ್ರಿಗೆ ಒಳಗೇ ನಗು ಬಂತು. ಒಂದು ಗೊಂಬೆ ಅಂಗಿ ಬದಲಿಸುವುದಕ್ಕೆ ಇಷ್ಟು ಗುಟ್ಟು! ಏನಾದರೊಂದು ತಪ್ಪು ದಾರಿ ತೋರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೆಟ್ಟದಾಗಿ ಹೇಳಿಕೊಡುವುದು ಅವರ ಕೈಲಾಗಲಿಲ್ಲ.

"ಸೋತಿಲ್ಲ ಅನ್ನೋದನ್ನ ಒತ್ತಬೇಡ. ಸೋತಿಲ್ಲ ಅಂತ ಕೂಗೋನು ಸೋತಿರ್ತಾನೆ. ಉಸಿರೆಲ್ಲ ಹೊರಗೆ ಬಿಟ್ಟು, ಖಾಲಿ ಎದೇಲಿ ಹೇಳು," ಎಂದವರೇ ಆ ಮಾತನ್ನು ಹೇಳಿ ತೋರಿಸಿದರು.

ಪುಟ್ಟ ಬಗ್ಗಿ ಅವರ ಕಾಲು ಮುಟ್ಟಿದ.

ಅವನು ಸ್ನಾನಕ್ಕೆ ಹೋದ. ತಂಗಿ ಪಾತ್ರೆ ತೊಳೆಯುತ್ತಿದ್ದಳು. ಮೇಷ್ಟ್ರು ರೆಕಾರ್ಡರಿನ ಪಕ್ಕೆಯ ಮುಚ್ಚಳ ತೆಗೆದು, ಉಗುರಿನಷ್ಟು ಅಗಲದ ಮೆಮೊರಿ ಕಾರ್ಡನ್ನು ಹೊರಗೆಳೆದು, ಆ ಜಾಗಕ್ಕೆ ತಮ್ಮ ರೆಕಾರ್ಡರಿನ ಖಾಲಿ ಕಾರ್ಡನ್ನು ತೂರಿಸಿದರು. ಪುಟ್ಟ ತಲೆ ಒರೆಸಿಕೊಳ್ಳುತ್ತ ಬಂದಾಗ ಅವರು ಜಗಲಿಯಲ್ಲಿ ಕುಳಿತು ಹಲ್ಲುಕಡ್ಡಿಯಲ್ಲಿ ಹಲ್ಲು ಕೆದಕುತ್ತಿದ್ದರು.

ಮನೆಗೆ ಬಂದು ಕಾರ್ಡಿನಲ್ಲಿದ್ದುದನ್ನೆಲ್ಲ ಕೇಳಿದರು. ದಳಪತಿಯ ಕೊನೆಯ ಮಾತುಗಳು ಮೊದಲಿನಿಂದ ತುದಿಯವರೆಗೆ ಇದ್ದವು. ಹಿನ್ನೆಲೆಯಲ್ಲಿ ಫ್ಯಾನಿನ ಕಿರ್ರೆಂಬ ಸದ್ದು, ನಡುವೆ ಒಂದು ಕಡೆ ತಂಗಿಯ ಕೂಗು: "ಪುಟ್ಟಾ, ನೀರು ಕಾದಿದೆ, ಬಾರೋ." ಯಾರ ಮನೆಯದೆಂದು ಇದಕ್ಕಿಂತ ಸ್ಪಷ್ಟವಾಗಿ ಮೊಹರು ಒತ್ತುವುದು ಸಾಧ್ಯವಿರಲಿಲ್ಲ. ಕೊನೆಯ ರೆಕಾರ್ಡಿಂಗಿನಲ್ಲಿ ತಮ್ಮದೇ ದನಿ ಇದ್ದುದನ್ನು ಕೇಳಿ ಮಾತ್ರ ಅವರ ಬೆನ್ನು ನೆಟ್ಟಗಾಯಿತು. ಆ ಗಿಣಿ ಇವರ ಪಾಠವನ್ನೂ ಹಿಡಿದಿಟ್ಟುಕೊಂಡಿತ್ತು. ಅದೊಂದನ್ನು ಅಳಿಸಿದರು. ಅಳಿಸುವ ಮುಂಚೆ ಇನ್ನೊಂದು ಸಲ ಕೇಳಿದರು. ಚೆನ್ನಾಗಿತ್ತು. ಇಂಥ ತಪ್ಪುಗಳಲ್ಲೇ ದಡ್ಡರು ಸಿಕ್ಕಿಬೀಳುವುದು ಎಂದುಕೊಂಡರು.

ಕಾರ್ಡು ಯಾರಿಗೆ ತಲುಪಬೇಕೆಂಬುದು ಆಗಲೇ ನಿಶ್ಚಯವಾಗಿತ್ತು. ಬಣ್ಣಗಾಳಗದ ಗಾಳಿಸುದ್ದಿಯನ್ನೇ ಉಸಿರಾಡುವ ಒಬ್ಬ ಯೂಟ್ಯೂಬಿನವನಿದ್ದ. ಜನ ಅವನನ್ನು ಕರೆಯುತ್ತಿದ್ದುದು ಪಿಚಕಾರಿ ಎಂದು. ಮೂರನೆಯ ಭಾಗ ಬಿಡುಗಡೆಯಾಗುವುದಕ್ಕೆ, ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ ನಡೆಯುವುದಕ್ಕೆ ಇನ್ನು ಒಂದೇ ವಾರ. ದಳಪತಿ ದಳ ಬಿಡುತ್ತಾನೆಂದು ಈಗಲೇ ಗೊತ್ತಾದರೆ ಆ ತಲೆಗೆ ಬಣ್ಣ ಬಳಿದುಕೊಂಡವರು ಬೀದಿಗೆ ಬರುತ್ತಾರೆ. ಕಂಪನಿ ಗುಟ್ಟು ಬಿಟ್ಟುಕೊಟ್ಟವನ ಕತ್ತು ಹಿಡಿಯುತ್ತದೆ. ಆಮೇಲೆ ಅವಸರಕ್ಕೆ ಅದೇ ಗಂಟಲು ಬೇಕೆಂದರೆ ಎಲ್ಲಿಗೆ ಹೋಗುತ್ತಾರೆ?

ಆದರೆ ಕಾರ್ಡೊಂದೇ ಸಾಲದು. ಕಳುವಾಯಿತು ಎಂದು ಪುಟ್ಟ ಅತ್ತರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಮಾರಿಕೊಂಡ ಎಂದು ಗೊತ್ತಾದರೆ ಮಾತ್ರ ಉಗಿಯುತ್ತಾರೆ. ಮಾರಿಕೊಂಡ ಎನ್ನಲು ಒಬ್ಬ ಸಾಕ್ಷಿ ಬೇಕು. ಸಾಕ್ಷಿಯನ್ನು ಹುಡುಕಿ ಹೋಗುವುದು ಅಪಾಯ. ಮೇಷ್ಟ್ರು ಹುಡುಕಲಿಲ್ಲ, ಹುಟ್ಟಿಸಿದರು.

ಅವನೊಬ್ಬ ಹಳೆಯ ಮೊಬೈಲುಗಳನ್ನು ಕೊಂಡು ಮಾರುವ ಮುದುಕ. ಗಡ್ಡ ಕೆರೆಯುತ್ತ ಕನ್ನಡಿಯ ಮುಂದೆ ಅವನಿಗೆ ದನಿ ಕೊಟ್ಟರು. ಮಾತು ಎದೆಯಿಂದಲ್ಲ, ಮೂಗಿನ ಬುಡದಿಂದ. ಪ್ರತಿ ಮಾತಿಗೂ ಮುಂಚೆ ಒಂದು ತೆಳುವಾದ ಸೀಟಿ, ಹಲ್ಲಿನ ಸಂದಿಯಿಂದ ಗಾಳಿ ಸೋರಿದ ಹಾಗೆ. ಅವಸರವೆಂಬುದೇ ಇಲ್ಲ. ಮಾತು ಮುಗಿದ ಮೇಲೆ ನಾಲಗೆ ಅಂಗುಳಕ್ಕೆ ಅಂಟಿ ಬಿಡುವ ಒಂದು ಲೊಚಗುಟ್ಟು. ಮೇಷ್ಟ್ರ ಯಾವ ನಾಟಕದಲ್ಲೂ ಈ ಮುದುಕ ಇರಲಿಲ್ಲ. ರಾಜರ ಪಾತ್ರ ಮಾಡಿದವರ ಗಂಟಲಿನಲ್ಲಿ ಇಂಥ ಒಬ್ಬ ಜೀವ ಅಡಗಿದ್ದಾನೆಂದು ಯಾರ ಕನಸಿಗೂ ಬರುವಂತಿರಲಿಲ್ಲ.

ಪರೀಕ್ಷಿಸದೆ ರಂಗಕ್ಕೆ ಹತ್ತುವವರಲ್ಲ ಅವರು. ತಂಗಿಯ ಕ್ಲಿನಿಕ್ಕಿಗೇ ಫೋನು ಮಾಡಿದರು.

"ಹಲ್ಲೊಂದು ಅಲ್ಲಾಡ್ತಾ ಇದೆ ಮಗಾ."

"ಯಾವ ಕಡೆ ತಾತ? ಬಿಸಿ ಏನೂ ಕುಡೀಬೇಡಿ. ಬೆಳಿಗ್ಗೆ ಬನ್ನಿ, ಜೊತೇಲಿ ಯಾರನ್ನಾದ್ರೂ ಕರ್ಕೊಂಡ್ ಬನ್ನಿ, ಮೆಟ್ಟಿಲಿದೆ."

ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ತಂಗಿ ಇವರನ್ನು ತಾತ ಎಂದಿದ್ದಳು. ಮೇಷ್ಟ್ರು ಫೋನಿಟ್ಟು ತುಂಬ ಹೊತ್ತು ನಕ್ಕರು.

ಕಾರ್ಡನ್ನು ಕರವಸ್ತ್ರದಲ್ಲಿ ಹಿಡಿದು ಒರೆಸಿ, ಲಕೋಟೆಗೆ ಹಾಕಿ, ಊರಿನ ಇನ್ನೊಂದು ತುದಿಯ ಅಂಚೆಪೆಟ್ಟಿಗೆಗೆ ಹಾಕಿದರು. ಅದು ತಲುಪಿತೆಂದು ಪಿಚಕಾರಿಯೇ ಹೇಳಿದ. ಬೆಳಿಗ್ಗೆ ಕಿರುಚಿಕೊಂಡೇ ಕಾರ್ಯಕ್ರಮ ಶುರು ಮಾಡಿ, ಪುಟ್ಟನ ದನಿಯನ್ನು ಊರಿಗೆಲ್ಲ ಕೇಳಿಸಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಕೆಂಪು ತಲೆಯವರು ಕಂಪನಿಯ ಬಾಗಿಲಲ್ಲಿ ಕೂತಿದ್ದರು. ಒಬ್ಬನಂತೂ ತಲೆ ಬೋಳಿಸಿಕೊಂಡು ಬಂದಿದ್ದನಂತೆ. ಗೊಂಬೆಗೆ ಸೂತಕ! ಮೇಷ್ಟ್ರು ಟೀವಿಯ ಮುಂದೆ ಕಾಲು ಚಾಚಿ ಕುಳಿತು ಚಹಾ ಕುಡಿದರು.

ಸಂಜೆಯ ಗದ್ದಲದಲ್ಲಿ ರೈಲು ನಿಲ್ದಾಣಕ್ಕೆ ಹೋದರು. ಅಲ್ಲಿ ನಾಣ್ಯ ಹಾಕುವ ಹಳೆಯ ಫೋನೊಂದು ಇನ್ನೂ ಬದುಕಿತ್ತು. ಈಮೇಲು, ಮೆಸೇಜು ಅವರಿಗೆ ಬೇಕಿರಲಿಲ್ಲ. ಯಂತ್ರ ಮುಟ್ಟಿದರೆ ಗುರುತು ಉಳಿಯುತ್ತದೆ. ಗಂಟಲು ಗುರುತು ಉಳಿಸುವುದಿಲ್ಲ. ಮಾತು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿ ಸಾಯುತ್ತದೆ. ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಪಿಚಕಾರಿ ಪ್ರತಿದಿನ ಪರದೆಯ ಮೇಲೆ ತೋರಿಸುತ್ತಿದ್ದ ನಂಬರು ಒತ್ತಿದರು.

"ಹಲೋ, ಯಾರು?"

"ನಿನಗೆ ಕಾರ್ಡು ಕಳಿಸಿದೋನು ಮಗಾ."

ಆ ಕಡೆ ಪಿಚಕಾರಿ ಉಸಿರು ಬಿಗಿಹಿಡಿದವನಂತೆ, "ಹೇಳಿ ತಾತ, ಹೇಳಿ ಹೇಳಿ," ಎಂದ.

ಮುದುಕ ನಿಧಾನವಾಗಿ ಎಲ್ಲ ಹೇಳಿದ. ದಳಪತಿಗೆ ದನಿ ಕೊಡುವ ಹುಡುಗನೇ ಅಂಗಡಿಗೆ ಬಂದದ್ದು, ಇದನ್ನು ಯಾರಿಗಾದರೂ ದಾಟಿಸಿಬಿಡು ಎಂದು ಕೈಯಲ್ಲಿ ತುರುಕಿದ್ದು, ಸಿಕ್ಕಿದಷ್ಟು ಬಾಚಿಕೊಂಡು ಹೋದದ್ದು. "ಎಷ್ಟಾದ್ರೂ ಉಂಡ ಮನೆಗೆ ಎರಡು ಬಗೀಬಾರ್ದು. ಮನಸ್ಸು ತಡೀಲಿಲ್ಲ ಮಗಾ, ಅದಕ್ಕೇ ಹೇಳ್ದೆ." ಲೊಚಗುಟ್ಟಿ ಫೋನಿಟ್ಟ. ಮೇಷ್ಟ್ರು ಹೊರಬಂದು ಟೊಪ್ಪಿಗೆಯನ್ನು ಕಸದ ಬುಟ್ಟಿಗೆ ಎಸೆದರು. ಚಪ್ಪಾಳೆಯಿಲ್ಲದೆ ಮುಗಿದ ಅವರ ಅತ್ಯುತ್ತಮ ಪ್ರದರ್ಶನ ಅದು.

ಪಿಚಕಾರಿ ಆ ಕರೆಯನ್ನು ಒಂದಕ್ಷರ ಬಿಡದೆ ಹಾಕಿದ. ಹಾಕುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇಂಥ ದ್ರೋಹದ ಸುದ್ದಿಗೆ ಹಲ್ಲು ಕಿರಿಯುವ ಇವನೆಂಥ ಮನುಷ್ಯ ಎಂದು ಮೇಷ್ಟ್ರಿಗೆ ಹೇಸಿಗೆಯಾಯಿತು. ಕೆಳಗೆ ಸಾಲುಸಾಲಾಗಿ ಓಡುತ್ತಿದ್ದ ಜನರ ಮಾತುಗಳನ್ನು ಓದಲು ಹೋಗಲಿಲ್ಲ. ಕಾಗುಣಿತ ಬಾರದವರ ಅಭಿಪ್ರಾಯ ಕಟ್ಟಿಕೊಂಡು ಏನಾಗಬೇಕು? ಟೀವಿ ಆರಿಸಿ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡರು. ಗಂಟಲಿಗೆ ಇನ್ನು ಕೆಲಸವಿತ್ತು.

ತಂಗಿಯ ಫೋನು ಬಂತು.

"ಅಣ್ಣ, ಪುಟ್ಟ ಅನ್ನ ಮುಟ್ಟಿಲ್ಲ. ಬಾಗಿಲು ಹಾಕ್ಕೊಂಡು ಕೂತಿದಾನೆ. ಕಾರ್ಡು ಎಲ್ಲಿ ಹೋಯ್ತು ಅಂತ್ಲೇ ಗೊತ್ತಿಲ್ಲ ಅಂತಾನೆ."

"ಗೊತ್ತಿಲ್ಲ ಅಂದ್ರೆ ನಂಬ್ತಾರೇನೇ? ಚಿಕ್ಕ ವಯಸ್ಸು, ಏನೋ ಆಸೆ ಹುಟ್ಟಿರ್ಬೇಕು."

"ನೀನೇ ಹೀಗಂದ್ರೆ?"

"ನಾನು ಅಂತಿಲ್ಲ, ಜನ ಅಂತಾರೆ ಅಂದೆ. ಬಿಡು, ನಾನಿದೀನಲ್ಲ."

ಆ ಕಡೆ ತಂಗಿ ಅಳುತ್ತಲೇ ಫೋನಿಟ್ಟಳು. ಮೇಷ್ಟ್ರಿಗೆ ಒಂದು ಕ್ಷಣ ಏನೋ ಚುಚ್ಚಿತು. ಆಮೇಲೆ, ಮಗನಿಗೆ ಬುದ್ಧಿ ಬಂದರೆ ಅವಳಿಗೇ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡರು. ಇವರ ಹತ್ತಿರ ಗುಟ್ಟು ಹೇಳಿದ್ದೆ ಎಂದು ಪುಟ್ಟ ಬಾಯಿಬಿಡುವ ಭಯವೂ ಇರಲಿಲ್ಲ. ಹಾಗೆಂದರೆ ಸೈನು ಹಾಕಿಯೂ ಮಾತಿಗೆ ತಪ್ಪಿದ್ದನ್ನು ತಾನೇ ಒಪ್ಪಿಕೊಂಡಂತೆ. ಆ ಕಡೆಯಿಂದಲೂ ಬಾಗಿಲು ಮುಚ್ಚಿತ್ತು.

ಅಂತಿಮ ಪಂದ್ಯದ ದಿನ ನಿರ್ದೇಶಕಿಯೇ ಕರೆದಳು. "ಮೇಷ್ಟ್ರೇ, ಒಂದು ಸಲ ಕ್ರೀಡಾಂಗಣಕ್ಕೆ ಬರೋಕಾಗುತ್ತಾ? ಕಾರ್ ಕಳಿಸ್ತೀನಿ."

ಮೇಷ್ಟ್ರು ಎರಡು ಸಲ ಕೆಮ್ಮಿ, ಆಲೋಚಿಸುವವರಂತೆ ಸ್ವಲ್ಪ ತಡೆದು, ಒಪ್ಪಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟರು. ಕಾರು ಗೇಟಿನ ಬಳಿ ನಿಧಾನವಾದಾಗ ಸಾವಿರಾರು ಬಣ್ಣದ ತಲೆಗಳು ಸಾಲಿನಲ್ಲಿ ನಿಂತು ತಳ್ಳಾಡುತ್ತಿದ್ದವು. ಕಿಟಕಿಯಿಂದ ನೋಡಿದ ಮೇಷ್ಟ್ರಿಗೆ ಮೊದಲ ಬಾರಿಗೆ ಅವುಗಳ ಮೇಲೆ ಕನಿಕರದಂಥದ್ದೇನೋ ಮೂಡಿತು. ಪಾಪ, ಇವಕ್ಕೆ ಒಳ್ಳೆಯ ದನಿಯೊಂದನ್ನಾದರೂ ಕೇಳುವ ಭಾಗ್ಯ ಇರಲಿ.

ವೇದಿಕೆಯ ಹಿಂದಿನ ಕಿರುಕೋಣೆಯಲ್ಲಿ ನಿರ್ದೇಶಕಿ ಇದ್ದಳು, ಮೊದಲ ಭಾಗದಿಂದಲೂ ದನಿ ಹಿಡಿಯುತ್ತಿದ್ದ ಸೌಂಡ್ ಇಂಜಿನಿಯರ್ ಇದ್ದ. ಮೂಲೆಯಲ್ಲಿ ಪುಟ್ಟ, ಅವನ ತೋಳು ಹಿಡಿದು ತಂಗಿ. ಇನ್ನೊಂದು ಕುರ್ಚಿಯಲ್ಲಿ ನೀಟಾಗಿ ಕ್ರಾಪು ಬಾಚಿದ ಅಪರಿಚಿತನೊಬ್ಬ. ಹೊಸ ಕರಾರಿಗೆ ವಕೀಲನನ್ನೇ ಕರೆಸಿದ್ದಾರೆ ಎಂದುಕೊಂಡ ಮೇಷ್ಟ್ರು ಅವನಿಗೆ ಮೊದಲು ಕೈಮುಗಿದರು. ಪುಟ್ಟನ ಕಡೆ ನೋಡಿ, ದೊಡ್ಡವರು ನೋಡುವ ಹಾಗೆ, ನೊಂದುಕೊಂಡವರಂತೆ ತಲೆಯಾಡಿಸಿದರು.

"ದಳಪತಿ ವಿಷಯ ತಾನೇ?" ಎಂದರು ಕುಳಿತುಕೊಳ್ಳುತ್ತ. "ಯಾವಾಗ ಶುರು ಮಾಡೋಣ?"

"ದಳಪತಿ ಅಲ್ಲ ಮೇಷ್ಟ್ರೇ, ಆಮೆ ತಾತ," ಎಂದಳು ನಿರ್ದೇಶಕಿ. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಇಂಜಿನಿಯರ್ ಒಂದು ಗುಂಡಿ ಒತ್ತಿದ. ತೆಳುವಾದ ಸೀಟಿ, ಮೂಗಿನ ಬುಡದ ದನಿ: "ಬಣ್ಣ ತುಂಬಿಸ್ಕೋ ಮಗಾ, ಅವಸರ ಯಾಕೆ?" ಕೊನೆಗೆ ಲೊಚಗುಟ್ಟು. ನಿಲ್ದಾಣದಲ್ಲಿ ಈ ಮಾತು ಆಡಿರಲಿಲ್ಲವಲ್ಲ ಎಂದು ಮೇಷ್ಟ್ರು ಕಕ್ಕಾಬಿಕ್ಕಿಯಾದರು. "ಮೊದಲನೇ ಭಾಗದ ರೆಕಾರ್ಡಿಂಗ್ ಮುಗಿದ ದಿನ ಟೈಮ್ ಉಳಿದಿತ್ತು ಸಾರ್," ಎಂದ ಇಂಜಿನಿಯರ್. "ಬಣ್ಣದ ಅಂಗಡಿ ಆಮೆಗೆ ಒಂದೆರಡು ಮಾತು ಹೇಳಿ ಅಂದೆ. ನೀವು ಚಪ್ಪಲಿ ಹಾಕ್ಕೊಳ್ತಾ ಹೇಳ್ಬಿಟ್ಟು ಹೋದ್ರಿ." ಪ್ರತಿ ಕಾಳಗಕ್ಕೂ ಮುಂಚೆ ಆಡುವವರೆಲ್ಲ ಬಂದೂಕಿಗೆ ಬಣ್ಣ ತುಂಬಿಸಿಕೊಳ್ಳಲು ಆ ಆಮೆಯ ಅಂಗಡಿಗೆ ಹೋಗಲೇಬೇಕಂತೆ. ಊರಿನ ಮಕ್ಕಳು ಸ್ವಂತ ತಾತನಿಗಿಂತ ಹೆಚ್ಚಾಗಿ ಕೇಳಿರುವುದು ಆ ದನಿಯನ್ನಂತೆ. ಆಮೆ ತಾತನೇ ಫೋನು ಮಾಡಿದ್ದಾನೆಂದರೆ ಕಂಪನಿಯದೇ ಏನೋ ತಮಾಷೆಯ ಪ್ರಚಾರ ಎಂದುಕೊಂಡು ಪಿಚಕಾರಿ ಆ ಕರೆಯನ್ನು ನಗುತ್ತಲೇ ಹಾಕಿದ್ದನಂತೆ. "ಅಣಕಿಸೋರು ಸಾವಿರ ಜನ ಇದಾರೆ ಸಾರ್, ಆದ್ರೆ ಆ ಕೊನೇ ಲೊಚಗುಟ್ಟು ಇವತ್ತಿನವರೆಗೂ ಯಾರಿಗೂ ಬಂದಿಲ್ಲ." ಕ್ರಾಪಿನವನು ಎದ್ದು, ತಾನು ಪೊಲೀಸಿನವನೆಂದೂ, ಯಾರನ್ನು ನೋಡಬೇಕೆಂದು ತಿಳಿದ ಮೇಲೆ ನಿಲ್ದಾಣದ ಕ್ಯಾಮೆರಾದಲ್ಲಿ ಟೊಪ್ಪಿಗೆ ಎಸೆಯುವವರನ್ನು ಗುರುತಿಸುವುದು ಕಷ್ಟವಾಗಲಿಲ್ಲವೆಂದೂ ಹೇಳಿದ. ತಂಗಿ ಬೇರೆ ಕಡೆ ಮುಖ ತಿರುಗಿಸಿದಳು. ಹೊರಗೆ ಜನ ದಳಪತಿಯ ಹೆಸರು ಹಿಡಿದು ಕೂಗುತ್ತಿದ್ದರು. ಪುಟ್ಟನ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಷ್ಟೇ ಇತ್ತು: "ಮಾವ, ಇಷ್ಟು ವರ್ಷದಲ್ಲಿ ನೀವು ಒಂದ್ಸಲನೂ ಆಡಿ ನೋಡ್ಲಿಲ್ವಾ?"